ಅಮೀರ್ ಜಾನ್ ಹೆಸರಿನ ಪರ್ಮಿಟ್

ಅಮೀರ್ ಜಾನ್ ಸಾಹೇಬರು ಬದುಕಿದ್ದಷ್ಟು ದಿನ ಸರ್ಕಾರಕ್ಕೆ ಒಂದು ಕಾಸನ್ನೂ ಹೊತ್ತಿಗೆ ಸರಿಯಾಗಿ ಕಟ್ಟಿದವರಲ್ಲ. ಹಾಗಂತ ಕೊಡದೆ ನುಂಗಿದವರೂ ಅಲ್ಲ. ಬಸ್ಸಿನ ತೆರಿಗೆ, ಎಫ್.ಸಿ., ಪರ್ಮಿಟ್ ನವೀಕರಣ ಎಲ್ಲವೂ ಗಡುವು ದಾಟಿ ಒಂದು ವಾರವೋ ಹತ್ತು ದಿನವೋ ಆದಮೇಲೆ, ದಂಡದ ಸಮೇತ. 'ದಂಡ ಕಟ್ಟಿದರಾಯ್ತು ಬಿಡು' ಅನ್ನುವುದು ಅವರ ಬಾಯಲ್ಲಿ ಸಲಾಮಿನಷ್ಟೇ ಸಲೀಸಾಗಿ ಬರುತ್ತಿತ್ತು. ಅವರ ಜೊತೆ ಸಂಸಾರ ಮಾಡಿದ ಉಮ್ಮೆ ಹಬೀಬಾಗೂ ಸರ್ಕಾರದ ಗಡುವೆಂದರೆ ಮದುವೆ ಕಾಗದದಲ್ಲಿ ಅಚ್ಚು ಹಾಕಿಸಿದ ಊಟದ ಹೊತ್ತಿನ ಹಾಗೆ, ಆ ಹೊತ್ತಿಗೆ ಯಾರೂ ಹೋಗುವುದಿಲ್ಲ ಎನ್ನುವುದು ರೂಢಿಯಾಗಿಬಿಟ್ಟಿತ್ತು.

ಎಲ್ಲಕ್ಕೂ ತಡ ಮಾಡುತ್ತಿದ್ದ ಆ ಮನುಷ್ಯ ಸಾಯುವುದಕ್ಕೆ ಮಾತ್ರ ಅವಸರ ಮಾಡಿದರು. ಬೆಳಗಿನ ನಮಾಜ್ ಮುಗಿಸಿ ಬಂದು ಚಾ ಕೇಳಿದರು. ಉಮ್ಮೆ ಹಬೀಬಾ ಲೋಟ ಹಿಡಿದು ಬರುವಷ್ಟರಲ್ಲಿ ಕುರ್ಚಿಯಲ್ಲೇ ಕತ್ತು ವಾಲಿಸಿದ್ದರು.

ಗುಂಡ್ಲುಪೇಟೆಯಿಂದ ತೆರಕಣಾಂಬಿ, ಚಾಮರಾಜನಗರದ ಮೇಲೆ ಉಮ್ಮತ್ತೂರಿಗೆ ಹೋಗಿ ಬರುವ ಒಂದೇ ಒಂದು ಬಸ್ಸು ಆ ಮನೆಯ ಆಸ್ತಿ. ದೊಡ್ಡ ಮಗ ತಾರಿಕ್ ಸ್ಟಿಯರಿಂಗ್ ಹಿಡಿಯುತ್ತಿದ್ದ. ಚಿಕ್ಕವನು ಅಕೀಬ್ ಕಲೆಕ್ಷನ್, ಡೀಸೆಲ್, ರಿಪೇರಿ ನೋಡಿಕೊಳ್ಳುತ್ತಿದ್ದ. ಉಮ್ಮತ್ತೂರಿನ ಚಿಕ್ಕಮಾದು ಮೀಸೆ ಕಪ್ಪಗಿದ್ದ ಕಾಲದಿಂದ ಅದರ ಕಂಡಕ್ಟರ್. ಅಣ್ಣತಮ್ಮಂದಿರು 'ಊಟ ಆಯ್ತಾ' ಅಂತ ಕೇಳುವುದನ್ನೂ ಜಗಳದ ದನಿಯಲ್ಲೇ ಕೇಳುವವರು. ಇಬ್ಬರಿಗೂ ಮದುವೆಯಾಗಿ, ತಾರಿಕ್‌ಗೆ ತಾಹಿರಾ, ಅಕೀಬನಿಗೆ ತಹಸೀನ್ ಬಂದ ಮೇಲೂ ಮನೆ ಒಡೆಯದೆ ಉಳಿದಿದ್ದಕ್ಕೆ ಒಂದೇ ಕಾರಣ. ಬಸ್ಸನ್ನು ಎರಡು ತುಂಡು ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಒಲೆಯೂ ಒಂದೇ ಇತ್ತು. ಉಮ್ಮೆ ಹಬೀಬಾಗೆ ಇದು ಚೆನ್ನಾಗಿ ಗೊತ್ತಿತ್ತು.

ಹತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಚಾಮರಾಜನಗರದಿಂದ ಏಜೆಂಟ್ ಸುಧಾಕರ್ ಬಂದ. ಸಾಹೇಬರ ಸಾರಿಗೆ ಕಚೇರಿ ಕೆಲಸವನ್ನೆಲ್ಲ ಮಾಡಿಸಿಕೊಡುತ್ತಿದ್ದವನು ಅವನೇ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸಲು ದಾಟದೆ, ಒಡವೆ ಹಾಕದೆ, ಹೊರಗಿನ ಗಂಡಸರಿಗೆ ಮುಖ ತೋರಿಸದೆ ಇದ್ದತ್ ಕೂರಬೇಕು. ಹಾಗೆ ಕೂತಿದ್ದ ಉಮ್ಮೆ ಹಬೀಬಾ ನಡುಮನೆಯ ಪರದೆಯ ಈಚೆಯಿಂದಲೇ ಎಲ್ಲವನ್ನೂ ಕೇಳಿಸಿಕೊಂಡಳು.

"ಸಾಹೇಬ್ರು ಹೋದ ವಿಷಯ ಆಫೀಸಿಗೆ ತಿಳಿಸಿಬಿಟ್ಟಿದ್ದೀನಿ," ಎಂದ ಸುಧಾಕರ್. "ಮೂರು ತಿಂಗಳೊಳಗೆ ಪರ್ಮಿಟ್ಟನ್ನ ನಿಮ್ಮಲ್ಲಿ ಒಬ್ಬರ ಹೆಸರಿಗೆ ಮಾಡಿಸ್ಕೋಬೇಕು. ಅಲ್ಲೀಗಂಟ ಬಸ್ ಓಡಿಸಬೋದು. ಯಾರ ಹೆಸರಿಗೆ?"

"ನನ್ನ ಹೆಸರಿಗೆ," ಎಂದ ತಾರಿಕ್. "ದೊಡ್ಡೋನು ನಾನು, ಓಡಿಸೋನೂ ನಾನು."

"ಓಡಿಸಿದರೆ ಡ್ರೈವರ್ ಆದೆ. ಮಾಲೀಕ ಯಾವಾಗ ಆದೆ ಭಾಯ್?" ಎಂದ ಅಕೀಬ್.

"ನೀನು ಬಾಯಿ ಮುಚ್ಚು. ಡೀಸೆಲ್ ಲೆಕ್ಕದಲ್ಲಿ ನೀನು ಆಡಿದ ಆಟ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

"ನನ್ನ ಸಹಿ ಇಲ್ಲದೆ ಪರ್ಮಿಟ್ ನಿನ್ನ ಹೆಸರಿಗೆ ಹೇಗೆ ಆಗ್ತದೋ ನಾನೂ ನೋಡ್ತೀನಿ."

ಇಂಥ ಮನೆಗಳನ್ನು ಸುಧಾಕರ್ ಬೇಕಾದಷ್ಟು ನೋಡಿದ್ದ. ಚಾ ಲೋಟ ಕೆಳಗಿಟ್ಟು, "ಹಂಗಾದ್ರೆ ಅಮ್ಮನ ಹೆಸರಿಗೆ ಮಾಡ್ಸಿ. ನೀವಿಬ್ರೂ ಒಪ್ಪಿಗೆ ಬರ್ಕೊಡಿ, ಅಮ್ಮ ಒಂದ್ಸಲ ಆಫೀಸಿಗೆ ಬಂದು ಸಹಿ ಹಾಕಿದ್ರೆ ಮುಗೀತು," ಎಂದ.

"ಅಮ್ಮ ಇದ್ದತ್‌ನಲ್ಲಿದ್ದಾರೆ," ಎಂದ ತಾರಿಕ್. "ನಾಲ್ಕು ತಿಂಗಳು ಆಚೆ ಬರೋ ಹಾಗಿಲ್ಲ."

"ಅಷ್ಟೊತ್ತಿಗೆ ಗಡುವು ಹೋಗಿರ್ತದಲ್ಲ! ನಿಮ್ಮ ಧರ್ಮದ ವಿಷಯ, ನಾನು ಹೇಳಬಾರದು. ಆದ್ರೂ ನಿಮ್ಮ ಗುರುಗಳನ್ನ ಒಂದು ಮಾತು ಕೇಳಿ ನೋಡಿ," ಎಂದು ಸುಧಾಕರ್ ಎದ್ದ.

ಕೇಳಿಸಿದವಳು ಉಮ್ಮೆ ಹಬೀಬಾನೇ. ಮಗುವನ್ನು ಅರಬ್ಬಿ ಪಾಠಕ್ಕೆ ಬಿಡಲು ಮಸೀದಿಯ ಹತ್ತಿರ ಹೋಗುತ್ತಿದ್ದ ತಾಹಿರಾಳಿಗೆ, "ಮೌಲ್ವಿ ಸಾಹೇಬರನ್ನ ಕೇಳಿಕೊಂಡು ಬಾ, ಹೋಗಬಹುದೋ ಇಲ್ಲವೋ," ಎಂದು ಹೇಳಿ ಕಳಿಸಿದಳು. ಅಲ್ಲಿಯವರೆಗೆ ಆಕೆಯ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ. ತಾಹಿರಾ ಅತ್ತ ಹೋದದ್ದೇ, ಇತ್ತ ಹಿತ್ತಲ ತೊಟ್ಟಿಯ ಪಕ್ಕ ನಿಂತು ಅಕೀಬ್ ಫೋನಿನಲ್ಲಿ ಮಾತಾಡುವುದು ಆಕೆಯ ಕಿವಿಗೆ ಬಿತ್ತು.

"ಸಾರ್, ಅಮ್ಮನ ಹೆಸರಿಗೆ ಆಗ್ಲಿ, ಆಮೇಲೆ ರೇಟು ಮಾತಾಡೋಣ. ಮೈಸೂರಿಗೆ ನಾನೇ ಬರ್ತೀನಿ. ಭಾಯ್ ಒಪ್ಪದೆ ಏನ್ ಮಾಡ್ತಾನೆ, ಅವನಿಗೂ ತಲೆ ಮಟ್ಟ ಸಾಲ ಇದೆ. ಅಮ್ಮ ನಾವು ಹೇಳಿದ ಕಡೆ ಸಹಿ ಹಾಕ್ತಾರೆ."

ಮೈಸೂರಿನ ಒಬ್ಬ ಬಸ್ ಮಾಲೀಕ ಈ ದಾರಿಯ ಮೇಲೆ ಕಣ್ಣಿಟ್ಟಿರುವುದು ಸಾಹೇಬರಿದ್ದಾಗಲೇ ಮನೆಯಲ್ಲಿ ಆಡಿಕೊಂಡ ಮಾತು. ಮಾರಿದರೆ ದುಡ್ಡು ಬರುತ್ತದೆ, ದುಡ್ಡಾದರೆ ಎರಡು ಪಾಲು, ಪಾಲಾದ ಮೇಲೆ ಅಕೀಬ್ ಹೆಂಡತಿಯನ್ನು ಕರೆದುಕೊಂಡು ಮೈಸೂರಿನ ಮಾವನ ಮನೆ ಸೇರುತ್ತಾನೆ. ಆಕೆಗೆ ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

ತಾಹಿರಾ ನಗುನಗುತ್ತಾ ಬಂದು ಬುರ್ಖಾ ತೆಗೆಯುವ ಮೊದಲೇ ಹೇಳಿದಳು. "ಅಮ್ಮಾ, ಹೋಗಬಹುದಂತೆ! ತೀರಾ ಅಗತ್ಯದ ಕೆಲಸ ಆದರೆ ಹಗಲಲ್ಲಿ ಹೋಗಿ, ಕತ್ತಲಾಗೋದರೊಳಗೆ ಮನೆಗೆ ಬಂದುಬಿಡಬೇಕಂತೆ. ತಪ್ಪೇನಿಲ್ಲ ಅಂದರು."

ಉಮ್ಮೆ ಹಬೀಬಾ ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. "ಯಾರಿಗಾದರೂ ಹೇಳಿದ್ಯಾ?"

"ಇಲ್ಲ, ಈಗಷ್ಟೇ ಬರ್ತಿದ್ದೀನಿ."

"ಹೇಳಬೇಡ. ತಾರಿಕ್‌ಗೂ ಹೇಳಬೇಡ."

"ಯಾಕಮ್ಮಾ? ಕೆಲಸ ಸಲೀಸಾಯ್ತಲ್ಲ."

"ಸಲೀಸಾಗಬಾರದು. ಅಬ್ಬಾನ ಹೆಸರಲ್ಲಿರೋ ತನಕ ಅದನ್ನ ಮಾರೋಕೆ ಯಾರ ಕೈಲೂ ಆಗಲ್ಲ. ನನ್ನ ಹೆಸರಿಗೆ ಬಂದ ಮಾರನೇ ದಿನ ಇಬ್ಬರೂ ಕಾಗದ ತಂದು ಮುಂದಿಡ್ತಾರೆ. ಅವಾಗ ನಾನು ಇಲ್ಲ ಅನ್ನೋಕಾಗ್ತದಾ?"

"ಗಡುವು ಮುಗಿದುಹೋದರೆ?"

"ಮುಗಿಯಲಿ. ದಂಡ ಕಟ್ಟಿದರಾಯ್ತು."

ಗಂಡ ಬಿಟ್ಟುಹೋದ ಆಸ್ತಿಯಲ್ಲಿ ಆಕೆ ಮೊದಲು ಕೈಗೆತ್ತಿಕೊಂಡಿದ್ದು ಆ ಮಾತನ್ನು. ತಾಹಿರಾ ಅತ್ತೆಯ ಮುಖ ನೋಡಿದಳು, ಆಮೇಲೆ ಬುರ್ಖಾವನ್ನು ಮೊಳೆಗೆ ಸಿಕ್ಕಿಸಿ ಅಕ್ಕಿ ತೊಳೆಯಲು ಹೋದಳು.

ವಾರಗಳು ಉರುಳಿದವು. ಚಿಕ್ಕಮಾದು ಸಂಜೆ ಬಂದು ಜಗಲಿಯ ಮೇಲೆ ಕೂತು, ಕಲೆಕ್ಷನ್ ಚೀಲವನ್ನು ಅಕೀಬನ ಕೈಗೆ ಕೊಟ್ಟು, ಪರದೆಯ ಕಡೆಗೆ ತಿರುಗಿ ಆ ದಿನದ ಸಮಾಚಾರ ಒಪ್ಪಿಸುತ್ತಿದ್ದ. ಸಾಹೇಬರು ಇದ್ದಾಗಿನ ಅಭ್ಯಾಸ ಅದು.

"ಎಣ್ಣೈಕ್ಳೆಲ್ಲ ಸರ್ಕಾರಿ ಬಸ್ಸಲ್ಲಿ ಬಿಟ್ಟಿ ಓಯ್ತಾವ್ರೆ ಕಣಮ್ಮಾ. ನಮ್ ಬಸ್ಗೆ ಬರೋದು ಈರುಳ್ಳಿ ಮೂಟೆ, ಮೇಕೆಮರಿ, ಆಮೇಲೆ ಎಂಡ್ತಿ ಕೂಟೆ ಜಗಳ ಆಡ್ಕಂಡು ಬೇರೆ ಬಸ್ ಅತ್ತೋ ಗಂಡಸ್ರು."

ಉಮ್ಮೆ ಹಬೀಬಾಗೆ ನಗು ಬಂತು. ಇದ್ದತ್‌ನಲ್ಲಿ ಕೂತವಳು ನಕ್ಕರೆ ಯಾರಾದರೂ ಏನಂದಾರು ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಸ್ ಖಾಲಿ ಓಡಿದರೂ ಓಡುತ್ತಿದೆಯಲ್ಲ ಎನ್ನುವ ಸಮಾಧಾನ ಆಕೆಗೆ.

ಊಟದ ಹೊತ್ತಿಗೆ ಮಾತ್ರ ಮನೆ ಬಸ್ ಸ್ಟ್ಯಾಂಡಾಗುತ್ತಿತ್ತು.

"ಹಿಂದಿನ ಎರಡು ಟೈರು ಬೋಳಾಗಿವೆ. ನಾಳೆ ಯಾರನ್ನಾದರೂ ಕೊಂದರೆ ಜೈಲಿಗೆ ಹೋಗೋನು ನಾನು," ಎಂದ ತಾರಿಕ್ ಒಂದು ದಿನ, ತಟ್ಟೆ ತಳ್ಳಿ.

"ಟೈರಿಗೆ ಕೊಟ್ಟರೆ ತೆರಿಗೆಗೆ ಎಲ್ಲಿಂದ ತರ್ಲಿ? ಮೂರು ತಿಂಗಳ ತೆರಿಗೆ ಎದೆ ಮೇಲೆ ಕೂತಿದೆ. ಜನ ಬಂದರೂ ಕಟ್ಟಬೇಕು, ಬರದಿದ್ದರೂ ಕಟ್ಟಬೇಕು."

"ನಿನ್ನ ಹೆಂಡತಿ ಬೇರೆ ಹಾಲಿನ ಪ್ಯಾಕೆಟ್ ತರಿಸೋದಕ್ಕೆ ಬರ್ತದೆ ದುಡ್ಡು, ಟೈರಿಗೆ ಬರಲ್ಲ."

"ನನ್ನ ಹಾಲಿನ ವಿಷಯ ಯಾಕೆ?" ಎಂದಳು ತಹಸೀನ್ ಅಡಿಗೆಮನೆಯಿಂದಲೇ. "ಅಪ್ಪ ಕೊಟ್ಟ ದುಡ್ಡಲ್ಲಿ ತರಿಸಿಕೊಳ್ತೀನಿ."

"ಸಾಕು, ಅನ್ನ ಆರ್ತದೆ," ಎಂದು ಉಮ್ಮೆ ಹಬೀಬಾ ಇಬ್ಬರ ತಟ್ಟೆಗೂ ಸಾರು ಬಡಿಸಿದಳು. ಜಗಳ ಆಡಿದರೂ ಇಬ್ಬರೂ ಉಂಡೇ ಏಳುತ್ತಿದ್ದರು. ಮುಸುರೆ ಪಾತ್ರೆಗಳು ಒಂದೇ ಬಾನಿಯೊಳಗೆ ಬೀಳುವುದನ್ನು ನೋಡಿದ ಮೇಲೆಯೇ ಆಕೆಗೆ ನಿದ್ದೆ.

ಗಡುವು ಹತ್ತಿರವಾದಾಗ ಸುಧಾಕರ್ ಮೇಲಿಂದ ಮೇಲೆ ಫೋನ್ ಮಾಡಿದ. ತಾರಿಕ್ ತಾಯಿಯ ಹತ್ತಿರ ಬಂದು ಕೂತು, "ಅಮ್ಮಾ, ನಾನೇ ಹೋಗಿ ಮೌಲ್ವಿ ಸಾಹೇಬರನ್ನ ಒಂದು ಮಾತು ಕೇಳಲಾ?" ಎಂದ.

ಉಮ್ಮೆ ಹಬೀಬಾಳ ಕಣ್ಣಲ್ಲಿ ನೀರು ಬಂತು. ನಟನೆಯೇನಲ್ಲ, ಆ ದಿನಗಳಲ್ಲಿ ಯಾವ ಮಾತಿಗಾದರೂ ಬರುತ್ತಿತ್ತು. "ನಿಮ್ಮ ಅಬ್ಬಾನಿಗೋಸ್ಕರ ಕೂತಿದ್ದೀನಿ. ಅದನ್ನೂ ಆಫೀಸಿನ ಮೆಟ್ಟಿಲಿಗೆ ಎಳೀತೀಯಾ?"

ತಾರಿಕ್ ತಲೆ ತಗ್ಗಿಸಿದ. ಅಲ್ಲೇ ನಿಂತಿದ್ದ ಅಕೀಬ್, ಅಮ್ಮನ ಹೆಸರಿಗೆ ಆಗಲೆಂದು ಕಾಯುತ್ತಿದ್ದವನು, ಅವನೂ ಕರಗಿದ. "ಬೇಡ ಭಾಯ್. ಅಮ್ಮನನ್ನ ಈ ಸ್ಥಿತಿಯಲ್ಲಿ ಕಚೇರಿಗೆ ಕರ್ಕೊಂಡು ಹೋದರೆ ಮೊಹಲ್ಲಾದವರು ಮುಖಕ್ಕೆ ಉಗೀತಾರೆ. ಒಂದು ತಿಂಗಳು ತಡ ಆದರೆ ದಂಡ ಕಟ್ಟೋಣ, ಅಬ್ಬಾ ಕಟ್ತಿರಲಿಲ್ವಾ?"

ಮಕ್ಕಳು ತನ್ನ ಗೌರವ ಕಾಯಲು ಒಂದಾಗಿ ನಿಂತದ್ದು ಕಂಡು ಆ ತಾಯಿಗೆ ಎಷ್ಟು ಹಿಗ್ಗಾಯಿತೆಂದರೆ, ತಾನು ಮಾಡುತ್ತಿರುವುದು ಸರಿಯೇ ಅನ್ನಿಸಿಬಿಟ್ಟಿತು. ಬಚ್ಚಲಲ್ಲಿ ಪಾತ್ರೆ ಉಜ್ಜುತ್ತಿದ್ದ ತಾಹಿರಾ ಇತ್ತ ತಿರುಗಲೇ ಇಲ್ಲ.

ಗಡುವು ದಾಟಿ ಹೆಚ್ಚು ದಿನವಾಗಿರಲಿಲ್ಲ. ಒಂದು ಮಧ್ಯಾಹ್ನ ಚಿಕ್ಕಮಾದು ಚೀಲವಿಲ್ಲದೆ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕುಸಿದು ಕೂತ.

"ತೆರಕಣಾಂಬಿ ದಾಟ್ತಿದ್ದಂಗೆ ಆರ್ಟಿಓನೋರು ಜೀಪು ಅಡ್ಡ ಆಕ್ಬುಟ್ರು ಕಣಮ್ಮಾ. ಪರ್ಮಿಟ್ ತೋರ್ಸು ಅಂದ್ರು. ತೋರುಸ್ದೊ. ಈ ಅಮೀರ್ ಜಾನ್ ಎಲ್ಲವ್ನೆ ಅಂದ್ರು. ತೀರ್ಕಂಡ್ರು ಸಾ ಅಂದೆ. ಯಾವಾಗ ಅಂದ್ರು. ನನ್ ನಾಲ್ಗೆ ಬಿದ್ದೋಗ, ಇದ್ದುದ್ದ ಇದ್ದಂಗೆ ಏಳ್ಬುಟ್ಟೆ."

"ಬಸ್ಸೆಲ್ಲಿ ಚಿಕ್ಕಮಾದು?" ಎಂದಳು ಉಮ್ಮೆ ಹಬೀಬಾ ಪರದೆಯ ಈಚೆಯಿಂದ.

"ಸ್ಟೇಷನ್ ಇಂದ್ಗಡೆ ಬಯಲಲ್ಲಿ ನಿಲ್ಸವ್ರೆ. ಇದ್ದೋರು ಏಳೆಂಟು ಜನ, ದುಡ್ಡು ವಾಪಸ್ ಕೊಟ್ಟು ಇಳಿಸ್ದೆ. ತಾರಿಕಪ್ಪ ಇನ್ನೂ ಅಲ್ಲೇ ನಿಂತದೆ. ಮೈಸೂರೋರು ಯಾರೋ ಅರ್ಜಿ ಕೊಟ್ಟವ್ರಂತೆ ಕಣಮ್ಮಾ, ಸತ್ತೋರ ಎಸ್ರಲ್ಲಿ ಬಸ್ ಓಡಿಸ್ತಾವ್ರೆ ಅಂತ."

ಕಾದು ಕಾದು ಸಾಕಾಗಿದ್ದ ಮೈಸೂರಿನ ಮಾಲೀಕ, ಕೊಳ್ಳುವ ಯೋಚನೆ ಬಿಟ್ಟು, ಹೀಗೆ ದೂರು ಕೊಟ್ಟು, ಅದೇ ದಾರಿಗೆ ತಾನೇ ಹೊಸ ಅರ್ಜಿ ಹಾಕಿದ್ದ. ಸುಮ್ಮನೆ ಸಿಗುವುದಕ್ಕೆ ದುಡ್ಡು ಯಾಕೆ ಕೊಡಬೇಕು ಎಂದು ಅವನಿಗೆ ಯಾರೋ ವಕೀಲರು ಹೇಳಿದ್ದಿರಬೇಕು.

ಮಾರನೇ ದಿನ ಸುಧಾಕರ್ ಮತ್ತೆ ಬಂದ.

"ಪರ್ಮಿಟ್ ಬಿದ್ದುಹೋಗಿದೆ. ಆದ್ರೆ ಒಂದು ದಾರಿ ಅದೆ," ಎಂದ ಅವನು. "ತಡ ಆಗಿದ್ದಕ್ಕೆ ತಕ್ಕ ಕಾರಣ ತೋರಿಸಿದ್ರೆ ಈಗ್ಲೂ ಅರ್ಜಿ ತಗೋಬಹುದು ಅಂತ ಕಾನೂನೇ ಹೇಳ್ತದೆ. ಕಾರಣ ನಿಮ್ಮನೇಲೇ ಕೂತದಲ್ಲಪ್ಪ! ಅಮ್ಮ ಧರ್ಮದ ಪ್ರಕಾರ ಹೊರಗೆ ಬರೋ ಹಾಗಿರಲಿಲ್ಲ ಅಂತ ನಿಮ್ಮ ಗುರುಗಳ ಕೈಲಿ ಒಂದು ಕಾಗದ ಬರೆಸ್ಕೊಂಡು ಬನ್ನಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಇಷ್ಟು ದಿನ ಕಾಣದಿದ್ದ ಕಳೆ ಅಣ್ಣತಮ್ಮಂದಿರಿಬ್ಬರ ಮುಖದಲ್ಲೂ ಬಂತು. "ಅಷ್ಟೇನಾ? ಈಗಲೇ ಹೋಗಿ ತರ್ತೀವಿ," ಎಂದು ತಾರಿಕ್ ಬೈಕಿನ ಕೀ ಎತ್ತಿಕೊಂಡ. "ನಡಿ ಭಾಯ್, ನಾನೂ ಬರ್ತೀನಿ," ಎಂದು ಅಕೀಬ್ ಚಪ್ಪಲಿ ಮೆಟ್ಟಿದ.

"ಊಟ ಮಾಡಿಕೊಂಡು ಹೋಗಿ," ಎಂದಳು ಉಮ್ಮೆ ಹಬೀಬಾ ಗಾಬರಿಯಲ್ಲಿ.

"ಬಂದು ಮಾಡ್ತೀವಮ್ಮಾ. ಈಗ ಹೋದರೆ ನಮಾಜಿಗೆ ಮೊದಲು ಸಿಗ್ತಾರೆ."

ಆಗಲಾದರೂ ಹೇಳಬಹುದಿತ್ತು. ಒಂದೇ ಮಾತು. ಆದರೆ ಒಂದೇ ಬೈಕಿನ ಮೇಲೆ, ಅಕೀಬ್ ಅಣ್ಣನ ಹೆಗಲ ಮೇಲೆ ಕೈಯಿಟ್ಟು ಕೂತು ಹೋಗುತ್ತಿದ್ದ. ಅವರು ಹೈಸ್ಕೂಲು ಬಿಟ್ಟ ಮೇಲೆ ಆಕೆ ಇಬ್ಬರನ್ನೂ ಹಾಗೆ ಕಂಡಿರಲಿಲ್ಲ. ಒಳಗೆ ಬಂದು ಒಲೆ ಹಚ್ಚಿ, ಇಬ್ಬರಿಗೂ ಇಷ್ಟವೆಂದು ಹುಣಸೆಹುಳಿ ಬೇಳೆ ಕುದಿಸಿ, ಇದ್ದ ನಾಲ್ಕು ಮೊಟ್ಟೆ ಬೇಯಿಸಿದಳು. ತಾಹಿರಾ ಬಾಗಿಲಿಗೆ ಒರಗಿ ನಿಂತು, "ಅಮ್ಮಾ, ಏನು ಮಾಡೋದು?" ಎಂದು ಮೆಲ್ಲಗೆ ಕೇಳಿದಳು. "ತಟ್ಟೆ ಹಾಕು," ಎಂದಳು ಅತ್ತೆ.

ಅವರು ವಾಪಸ್ ಬಂದಾಗ ಬೇಳೆ ಇನ್ನೂ ಬಿಸಿಯಾಗಿತ್ತು. ಯಾರೂ ಚಪ್ಪಲಿ ಬಿಡಲಿಲ್ಲ.

"ಸುಳ್ಳು ಕಾಗದ ಹೇಗೆ ಬರೀಲಿ ಅಂದರು," ಎಂದ ತಾರಿಕ್. "ಅಗತ್ಯಕ್ಕೆ ಹೋಗಿ ಬರಬಹುದು ಅಂತ ಮೊದಲನೇ ತಿಂಗಳೇ ನಿಮ್ಮ ಮನೆಯವರಿಗೆ ಹೇಳಿ ಕಳಿಸಿದ್ದೆನಲ್ಲ ಅಂದರು." ಅವನು ಹೆಂಡತಿಯ ಕಡೆ ತಿರುಗಿದ. "ನೀನೇ ಕೇಳೋಕೆ ಹೋಗಿದ್ದಂತೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನನಗೆ ಅನ್ನ ಬಡಿಸಿದ್ಯಾ ಇಷ್ಟು ದಿನ?"

ಅವನು ಕೈಯೆತ್ತಿದ್ದನ್ನು ನೋಡಿ ಉಮ್ಮೆ ಹಬೀಬಾ ನಡುವೆ ಬಂದಳು. "ಅವಳನ್ನ ಮುಟ್ಟಬೇಡ. ಬಾಯಿ ಮುಚ್ಚಿಸಿದ್ದು ನಾನು."

"ಯಾಕಮ್ಮಾ?"

"ನನ್ನ ಹೆಸರಿಗೆ ಆದರೆ ಮಾರ್ತಿದ್ರಿ. ಮಾರಿದ ಮೇಲೆ ಹೀಗೆ ಒಂದೇ ಕಡೆ ಕೂತು ಉಣ್ತಿದ್ರಾ? ಹೇಳು ಅಕೀಬ್, ಮೈಸೂರಿನವನ ಹತ್ತಿರ ನೀನು ಮಾತಾಡಿಲ್ವಾ?"

ಅಕೀಬನ ಮುಖ ಬಿಳಿಚಿತು. "ಮಾತಾಡಿದ್ದೆ. ಬೇರೆ ಹೋಗ್ಬೇಕು ಅಂತಾನೂ ಇದ್ದೆ. ಮಾರಿದ್ದರೆ ನನಗೊಂದಿಷ್ಟು, ಭಾಯ್‌ಗೊಂದಿಷ್ಟು, ನಿಮಗೊಂದಿಷ್ಟು ಉಳೀತಿತ್ತು. ಈಗಲೂ ಬೇರೆ ಹೋಗ್ತೀನಮ್ಮಾ. ಆದರೆ ಮೂರು ಜನರ ಕೈಯೂ ಖಾಲಿ."

"ದಂಡ ಕಟ್ಟಿದರೆ..." ಎಂದಳು ಉಮ್ಮೆ ಹಬೀಬಾ.

"ಯಾವುದಕ್ಕಮ್ಮಾ ದಂಡ?" ತಾರಿಕ್ ಕಿರುಚಲಿಲ್ಲ, ದನಿ ಸೋತಿತ್ತು. "ಇರೋದಕ್ಕೆ ದಂಡ ಕಟ್ಟಬಹುದು. ಹೋಗಿದ್ದಕ್ಕೆ ಏನು ಕಟ್ಟೋದು?"

ಬೇಯಿಸಿದ ಮೊಟ್ಟೆಗಳನ್ನು ರಾತ್ರಿಯಾದರೂ ಯಾರೂ ಮುಟ್ಟಲಿಲ್ಲ.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಅಕೀಬ್ ಹೆಂಡತಿಯ ಜೊತೆ ಮೈಸೂರಿಗೆ ಹೋಗಿ ಮಾವನ ಟೈರ್ ಅಂಗಡಿಯಲ್ಲಿ ನಿಂತ. ತಾರಿಕ್ ಯಾರದ್ದೋ ತರಕಾರಿ ಲಾರಿಯಲ್ಲಿ ಕೇರಳಕ್ಕೆ ಹೋಗಿ ಬರತೊಡಗಿದ. ಮನೆಗೆ ಬಂದರೂ ಉಂಡು ಮಲಗುತ್ತಿದ್ದ, ಅಷ್ಟೇ. ಚಿಕ್ಕಮಾದು ಉಮ್ಮತ್ತೂರಿನಲ್ಲಿ ಕೂಲಿಗೆ ಹೋಗುತ್ತಿದ್ದಾನೆಂದು ಸುದ್ದಿ ಬಂತು. ಬಯಲಲ್ಲಿ ನಿಂತ ಬಸ್ಸಿನ ಮೇಲೆ ದಂಡವೂ ತೆರಿಗೆಯೂ ಬೆಳೆದು, ಬಿಡಿಸಿಕೊಳ್ಳುವ ಮಾತೇ ಇಲ್ಲವಾಗಿ, ಬಾಕಿಯೆಲ್ಲ ತಾನೇ ಕಟ್ಟಿಕೊಂಡು ಒಂದಿಷ್ಟು ದುಡ್ಡು ಕೊಡುತ್ತೇನೆಂದು ಒಬ್ಬ ಗುಜರಿಯವನು ಮುಂದೆ ಬಂದ. ಅದಕ್ಕೂ ಸತ್ತವರ ಹೆಂಡತಿಯ ಸಹಿ ಬೇಕಿತ್ತು.

ಇದ್ದತ್ ಮುಗಿದ ದಿನ ತವರಿನಿಂದ ಹೊಸ ಸೀರೆ ಬಂತು. ಅದನ್ನು ಉಟ್ಟು, ತಾಹಿರಾಳ ಕೈ ಹಿಡಿದು ಉಮ್ಮೆ ಹಬೀಬಾ ಹೊಸಲು ದಾಟಿದ್ದು ಚಾಮರಾಜನಗರದ ಸಾರಿಗೆ ಕಚೇರಿಗೆ. ಬಿಸಿಲಿಗೆ ಕಣ್ಣು ಕುಕ್ಕಿತು. ತಾರಿಕ್ ಲಾರಿಯಿಂದ ನೇರ ಅಲ್ಲಿಗೇ ಬಂದಿದ್ದ. ಅಕೀಬ್ ಮೈಸೂರಿನಿಂದ ಬಂದು ಕಂಬದ ಪಕ್ಕ ನಿಂತಿದ್ದ. "ಬಂದ್ಯಾ?" "ಹ್ಞೂಂ, ಬಂದೆ." ಅಷ್ಟೇ ಮಾತು.

ಗುಮಾಸ್ತ ಕಾಗದಗಳನ್ನು ತಿರುವಿ, ಕನ್ನಡಕದ ಮೇಲಿನಿಂದ ಆಕೆಯನ್ನು ನೋಡಿದ.

"ಏನಮ್ಮಾ, ಪರ್ಮಿಟ್ ಹೆಸರು ಬದಲಾಯಿಸೋಕೂ ಇಷ್ಟೇ ಕೆಲಸ ಇದ್ದದ್ದು. ಅವಾಗ ಬರೋಕೇನಾಗಿತ್ತು? ಮಕ್ಕಳು ಕರ್ಕೊಂಡು ಬರ್ಲಿಲ್ವಾ?"

ಉಮ್ಮೆ ಹಬೀಬಾಳ ತುಟಿ ಅಲುಗಿತು. ಅಷ್ಟರಲ್ಲಿ ತಾರಿಕ್, "ನಮ್ಮದೇ ತಪ್ಪು ಸಾರ್, ನಾವೇ ಕರ್ಕೊಂಡು ಬರ್ಲಿಲ್ಲ," ಎಂದ.

"ಹೌದು ಸಾರ್, ನಮ್ಮದೇ," ಎಂದ ಅಕೀಬ್.

ಗುಮಾಸ್ತ ಇಬ್ಬರನ್ನೂ ಛೀಮಾರಿ ಹಾಕುವ ಹಾಗೆ ನೋಡಿ, ಬೆರಳಿಟ್ಟು ತೋರಿಸಿದ. ಅವನು ತೋರಿಸಿದ ಕಡೆಯೆಲ್ಲ ಆಕೆ ಸಹಿ ಹಾಕಿದಳು.

ಹೊರಗೆ ಮರದ ಕೆಳಗೆ ಗುಜರಿಯವನು ದುಡ್ಡು ಕೊಟ್ಟ. ತಾರಿಕ್ ಎಣಿಸಿ ಪಾಲು ಮಾಡಿದ. ಅಕೀಬ್ ತನ್ನ ಪಾಲನ್ನು ನೋಡದೆ ಜೇಬಿಗಿಟ್ಟುಕೊಂಡ. "ಭಾಯ್, ಹೆಚ್ಚೇನಾದರೂ ಬೇಕಿದ್ದರೆ ಇಟ್ಕೋ, ನಿಂಗೆ ಮಕ್ಕಳಿವೆ," ಎಂದ. "ಬೇಡಪ್ಪ, ಸರಿ ಇದೆ," ಎಂದ ತಾರಿಕ್, ನೆಂಟರ ಜೊತೆ ಮಾತಾಡುವ ಹಾಗೆ. ಇಬ್ಬರೂ ತಾಯಿಗೆ ಸಲಾಂ ಹೇಳಿದರು. ಒಬ್ಬ ತರಕಾರಿ ಮಂಡಿಯಲ್ಲಿ ನಿಂತಿದ್ದ ಲಾರಿಯ ಕಡೆಗೆ ಹೋದ, ಒಬ್ಬ ಮೈಸೂರು ಬಸ್ಸಿನ ಕಡೆಗೆ.

"ಅಮ್ಮಾ, ನಡೀರಿ, ಬಿಸಿಲು ಏರ್ತಿದೆ," ಎಂದಳು ತಾಹಿರಾ.

ಉಮ್ಮೆ ಹಬೀಬಾ ಅಲ್ಲೇ ಮರದ ಬುಡದಲ್ಲಿ ಕೂತುಬಿಟ್ಟಳು.

"ದುಡ್ಡು ಹಂಚಿಕೊಳ್ಳುವಾಗಲೂ ಇಬ್ಬರೂ ಜಗಳ ಆಡಲಿಲ್ಲ ನೋಡು ತಾಹಿರಾ," ಎಂದಳು.